ಮಂಗಳೂರಿನಲ್ಲಿ ನೋಡುವಂಥದ್ದು ಏನುಂಟು?

ಘಟ್ಟದ ಮೇಲಿನಿಂದ ನೆಂಟರು ಬರುತ್ತಾರೆಂಬ ಸುದ್ದಿ ಬಂದಾಗ ಮಂಗಳೂರಿನ ಮನೆಗಳಲ್ಲಿ ಮೊದಲು ಏಳುವ ಚರ್ಚೆ ಅಡುಗೆಯದು. ಬೆಳಿಗ್ಗೆಗೆ ನೀರುದೋಸೆ ಸಾಕೇ, ಮಧ್ಯಾಹ್ನಕ್ಕೆ ಒಳ್ಳೆಯ ಬಂಗುಡೆ ಸಿಕ್ಕೀತೇ, ಮಳೆಗಾಲವಾದರೆ ಪತ್ರೊಡೆ ಮಾಡುವುದೇ? ಈ ಪ್ರಶ್ನೆಗಳಿಗೆಲ್ಲ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಎರಡನೆಯ ಚರ್ಚೆಯೇ ಕಷ್ಟದ್ದು. ಬಂದವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ‘ಬೀಚ್ ಉಂಟಲ್ಲ’ ಎಂದು ಒಬ್ಬರೆನ್ನುತ್ತಾರೆ. ‘ಸಂಜೆ ಒಂದು ಗಡ್‌ಬಡ್ ತಿನ್ನಿಸಿದರಾಯಿತು’ ಎಂದು ಇನ್ನೊಬ್ಬರು. ಮೂರನೆಯವರು ಸ್ವಲ್ಪ ಯೋಚಿಸಿ, ‘ನಾಳೆ ಹೇಗೂ ಧರ್ಮಸ್ಥಳಕ್ಕೆ ಹೋಗುತ್ತಾರಲ್ಲ, ಇಲ್ಲಿ ಎಂಥದ್ದು ನೋಡಲಿಕ್ಕೆ?’ ಎಂದು ಚರ್ಚೆಯನ್ನೇ ಮುಗಿಸಿಬಿಡುತ್ತಾರೆ.

ಕರಾವಳಿಯ ಅತಿ ದೊಡ್ಡ ಪಟ್ಟಣದ ಪಾಡು ಹೀಗೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಕಟೀಲು ಎಂದು ಹೊರಟ ಯಾತ್ರಿಕರಿಗೆ ಮಂಗಳೂರು ರೈಲಿಳಿದು ಬಸ್ಸು ಹಿಡಿಯುವ ಜಾಗ. ಊರಿನವರಿಗೋ ದಿನಾ ಕಾಣುವ ಗುಡ್ಡ, ದಿನಾ ಹಾಯುವ ಗುಡಿ. ಅದರಲ್ಲಿ ತೋರಿಸುವಂಥದ್ದು ಏನಿದೆ ಎಂಬ ಸಂಕೋಚ. ನೂರಾರು ವರ್ಷಗಳ ಹಿಂದೆ ಅರಬರು, ಪರ್ಷಿಯನ್ನರು, ಪೋರ್ಚುಗೀಸರು ಹುಡುಕಿಕೊಂಡು ಬಂದ ಊರಿಗೆ ಇಂದು ಅರ್ಧ ದಿನ ಕೊಡಲೂ ಯಾರಿಗೂ ಮನಸ್ಸಿಲ್ಲದಿರುವುದು ವಿಚಿತ್ರವೇ ಸರಿ.

ಈ ಊರಿಗೆ ಹೆಸರುಗಳೇ ಐದಾರಿವೆ. ಬೋಳಾರದ ಮಂಗಳಾದೇವಿಯಿಂದ ಮಂಗಳೂರು ಎಂಬುದು ಎಲ್ಲರೂ ಬಲ್ಲ ವಿವರಣೆ. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ, ಮಲೆಯಾಳಿಗಳಿಗೆ ಮಂಗಲಾಪುರಂ. ಇಂಗ್ಲಿಷಿನ ‘ಮ್ಯಾಂಗಲೋರ್’ 2014ರ ನವೆಂಬರ್ 1ರಂದು ಅಧಿಕೃತವಾಗಿ ‘ಮಂಗಳೂರು’ ಆಯಿತು. ಕುಡ್ಲ ಎಂದರೆ ಕೂಡುವ ಜಾಗ, ನದಿಗಳ ಕೂಡಲು ಎಂದು ಅರ್ಥ ಹೇಳುವವರಿದ್ದಾರೆ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಫಲ್ಗುಣಿ ಎಂದೂ ಕರೆಯುವ ಗುರುಪುರ ನದಿ ಬಂದು ಒಂದೇ ಅಳಿವೆಯಲ್ಲಿ ಕಡಲು ಸೇರುವುದನ್ನು ಕಂಡವರಿಗೆ ಈ ಅರ್ಥ ಒಪ್ಪಿಗೆಯಾಗುತ್ತದೆ. ಊರು ಇಲ್ಲೇ ಏಕೆ ಹುಟ್ಟಿತು ಎಂಬ ಪ್ರಶ್ನೆಗೂ ಅದೇ ಉತ್ತರ. ಘಟ್ಟದ ಬುಡದಿಂದ ಮೆಣಸು, ಶುಂಠಿ, ಅಕ್ಕಿ ಹೊತ್ತು ಬರಲು ಎರಡು ನದಿಗಳು. ತಂದದ್ದನ್ನು ಹಡಗಿಗೆ ತುಂಬಲು, ಅಲೆಗಳ ಹೊಡೆತ ತಾಗದ ಒಳನೀರು. ವ್ಯಾಪಾರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಹಾಗಾಗಿ ನೆಂಟರಿಗೆ ಊರು ತೋರಿಸುವವರು ಎತ್ತರದಿಂದಲೇ ಆರಂಭಿಸುವುದು ಒಳ್ಳೆಯದು. ಹಂಪನಕಟ್ಟೆಯ ಗದ್ದಲದಿಂದ ನಡೆದೇ ಏರಬಹುದಾದ ಬಾವುಟಗುಡ್ಡದಲ್ಲಿ ಹಳೆಯ ದೀಪಸ್ತಂಭವಿದೆ, ಪಕ್ಕದಲ್ಲೇ ಟ್ಯಾಗೋರ್ ಉದ್ಯಾನ. ಒಂದು ಕಾಲಕ್ಕೆ ಇಲ್ಲಿ ನಿಂತರೆ ತೆಂಗಿನ ತಲೆಗಳು, ಅವುಗಳ ನಡುವೆ ಕೆಂಪು ಹೆಂಚಿನ ಮಾಡುಗಳು, ಆಚೆಗೆ ನದಿ, ಅದರಾಚೆಗೆ ಕಡಲು ಒಂದರ ಹಿಂದೊಂದು ಕಾಣುತ್ತಿದ್ದವು. ಈಗ ಬಹುಮಹಡಿ ಕಟ್ಟಡಗಳ ಸಂದಿಯಲ್ಲಿ ಕಡಲನ್ನು ಹುಡುಕಬೇಕು. ಆದರೂ ಸಂಜೆ ಐದೂವರೆಯ ಹೊತ್ತಿಗೆ ಅದು ಸಿಗುತ್ತದೆ, ಹೊಳೆಯುವುದರಿಂದ ಗುರುತು ಹಿಡಿಯಬಹುದು.

ಗುಡ್ಡದ ಮೇಲಿರುವ ಪ್ರತಿಮೆಯ ಮುಂದೆ ಎರಡು ನಿಮಿಷ ನಿಂತರೆ ನೆಂಟರಿಗೆ ಹೇಳಲು ಒಂದು ಕಥೆ ಸಿಗುತ್ತದೆ. 1834ರಲ್ಲಿ ಬ್ರಿಟಿಷರು ಕೊಡಗಿನ ಅರಸನನ್ನು ಇಳಿಸಿ, ಅಮರಸುಳ್ಯ ಮತ್ತು ಪುತ್ತೂರಿನ ಭಾಗಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಧಾನ್ಯದ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಗದು ಹಣ ಕೊಡಬೇಕಾಗಿ ಬಂತು. 1837ರಲ್ಲಿ ಸಿಡಿದೆದ್ದವರು ಸುಳ್ಯದಿಂದ ಹೊರಟು ಮಂಗಳೂರಿಗೇ ಬಂದು, ಹೆಚ್ಚುಕಡಿಮೆ ಎರಡು ವಾರ ಊರನ್ನು ಕೈವಶ ಮಾಡಿಕೊಂಡು, ಈ ಗುಡ್ಡದಲ್ಲಿ ತಮ್ಮ ಬಾವುಟ ಹಾರಿಸಿದರು. ಹಡಗಿನಲ್ಲಿ ಸೇನೆ ಬಂದ ಮೇಲೆ ದಂಗೆ ಮುರಿಯಿತು, ಮುಂದಾಳುಗಳಿಗೆ ಗಲ್ಲಾಯಿತು. ಸಿಪಾಯಿ ದಂಗೆಗೆ ಇನ್ನೂ 20 ವರ್ಷ ಬಾಕಿಯಿದ್ದ ಕಾಲ ಅದು. ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಳ್ಳಿಗಳ ಬಾಯಲ್ಲಿ ಉಳಿದಿದ್ದ ಈ ಹೋರಾಟದ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಇಲ್ಲಿ ನಿಂತದ್ದು 2022ರ ನವೆಂಬರಿನಲ್ಲಿ. ಕಥೆ ಪ್ರತಿಮೆಯಾಗಲು 185 ವರ್ಷ ಹಿಡಿಯಿತು.

ಒದ್ದೆ ಗೋಡೆಯ ಚಿತ್ರಗಳು

ಅದೇ ಗುಡ್ಡದ ಇಳಿಜಾರಿನಲ್ಲಿ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಪ್ರಾರ್ಥನಾಮಂದಿರವಿದೆ. ಹೊರಗಿನಿಂದ ನೋಡಿದರೆ ಸಾಧಾರಣ ಕಟ್ಟಡ. ದಾರಿಹೋಕರು ತಲೆಯೆತ್ತಿ ನೋಡುವಂಥದ್ದೇನಲ್ಲ. ಒಳಗೆ ಕಾಲಿಟ್ಟವರು ಮಾತ್ರ ಕೆಲವು ಕ್ಷಣ ಮಾತಾಡುವುದಿಲ್ಲ. ನೆಲವೊಂದನ್ನು ಬಿಟ್ಟರೆ ಗೋಡೆ, ಕಮಾನು, ಮಾಡಿನ ಒಳಮೈ ಎಲ್ಲ ಕಡೆಯೂ ಚಿತ್ರಗಳು.

ಬರೆದವರು ಆಂಟೋನಿಯೊ ಮೊಸ್ಕೆನಿ. ಇಟಲಿಯ ಬೆರ್ಗಮೊ ನಗರದ ಹತ್ತಿರದ ಊರಿನವರು, 1854ರಲ್ಲಿ ಹುಟ್ಟಿದವರು, ಚಿತ್ರಕಲೆ ಕಲಿತು ಜೆಸುಯಿಟ್ ಸಂಘವನ್ನು ಸೇರಿದವರು. ಕಾಲೇಜನ್ನು 1880ರಲ್ಲಿ ಆರಂಭಿಸಿದ್ದ ಇಟಲಿಯ ಪಾದ್ರಿಗಳು ತಮ್ಮ ಹೊಸ ಪ್ರಾರ್ಥನಾಮಂದಿರಕ್ಕೆ ಚಿತ್ರ ಬರೆಯಲು ಅವರನ್ನು ಕರೆಸಿಕೊಂಡರು. 1899ರಿಂದ 1901ರವರೆಗೆ, ಎರಡು ವರ್ಷಕ್ಕೂ ಹೆಚ್ಚು ಕಾಲ, ಮೊಸ್ಕೆನಿ ಅಟ್ಟಣಿಗೆಯ ಮೇಲೆಯೇ ದಿನ ಕಳೆದರು.

ಗೋಡೆಯ ಮೇಲಿನ ಬಹಳಷ್ಟು ಚಿತ್ರಗಳು ‘ಫ್ರೆಸ್ಕೊ’ ಪದ್ಧತಿಯವು. ಸುಣ್ಣದ ಗಾರೆ ಮೆತ್ತಿ ಅದು ಆರುವ ಮೊದಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು ಇದರ ಕ್ರಮ. ಗಾರೆ ಒಣಗುತ್ತ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಬಣ್ಣವೂ ಗೋಡೆಯೊಳಗೇ ಸೇರಿ ಹೋಗುತ್ತದೆ. ಹಾಗಾಗಿ ಬಣ್ಣ ಬಹುಕಾಲ ಬಾಳುತ್ತದೆ; ಆದರೆ ತಪ್ಪಿಗೆ ಅವಕಾಶವಿಲ್ಲ. ಆ ದಿನ ಮುಗಿಸಬಹುದಾದಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು, ಬಳಿದಷ್ಟನ್ನು ಅಂದೇ ಬರೆದು ಮುಗಿಸಬೇಕು. ಗೆರೆ ತಪ್ಪಿದರೆ ಗಾರೆಯನ್ನೇ ಕೆತ್ತಿ ಹಾಕಬೇಕು. ಮಾಡಿನ ಭಾಗದಲ್ಲಿ ಬಟ್ಟೆಯ ಮೇಲೆ ತೈಲವರ್ಣದಲ್ಲಿ ಬರೆದು ಅಂಟಿಸಿದ ಚಿತ್ರಗಳಿವೆ. ಅಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಬದುಕು. ಇಟಲಿಯ ಸಿರಿವಂತ ಪ್ರಭುಮನೆತನದ ಹಿರಿಯ ಮಗ, ಪಿತ್ರಾರ್ಜಿತದ ಹಕ್ಕನ್ನು ಬಿಟ್ಟುಕೊಟ್ಟು ಸಂನ್ಯಾಸಿಯಾಗಿ, ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಆರೈಕೆ ಮಾಡುತ್ತ 1591ರಲ್ಲಿ ತಾನೂ ಸತ್ತ. ಆಗ ಅವನಿಗೆ 23 ವರ್ಷ. ಓದುವ ಹುಡುಗರ ಮುಂದೆ ಈ ಹುಡುಗನ ಕಥೆಯನ್ನೇ ಇಟ್ಟದ್ದು ಪಾದ್ರಿಗಳ ಜಾಣತನ.

ಇನ್ನೊಂದು ಸೂಕ್ಷ್ಮವನ್ನು ಕರೆದುಕೊಂಡು ಹೋದವರು ತೋರಿಸಿಕೊಡಬೇಕು. ಅಲ್ಲಿ ಕೆತ್ತನೆಯ ಅಂಚುಗಳಂತೆ, ಉಬ್ಬಿದ ಹೂಗೊಂಚಲುಗಳಂತೆ ಕಾಣುವ ಎಷ್ಟೋ ಅಲಂಕಾರಗಳು ನಿಜವಾಗಿ ಸಪಾಟು ಗೋಡೆ. ನೆರಳು ಬೆಳಕನ್ನು ಬಣ್ಣದಲ್ಲೇ ತಂದು ಕಣ್ಣಿಗೆ ಮೋಸ ಮಾಡಿದ್ದಾರೆ. ಮುಟ್ಟಿ ಪರೀಕ್ಷಿಸುವ ಆಸೆ ಸಹಜ. ಆದರೆ ಕೈಬೆವರು ಈ ಚಿತ್ರಗಳಿಗೆ ಶತ್ರು. ವರ್ಷದ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ, ಕಪಾಟಿನಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಇಟಲಿಯ ಗೋಡೆಚಿತ್ರ ಒಂದೇಕಾಲು ಶತಮಾನ ಬಾಳಿದ್ದೇ ದೊಡ್ಡದು. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಇವನ್ನು ಶುಚಿಗೊಳಿಸಿ ರಿಪೇರಿ ಮಾಡಿದರು. ಮೊಸ್ಕೆನಿ ಮಾತ್ರ ತಮ್ಮ ಊರಿಗೆ ಹಿಂದಿರುಗಲಿಲ್ಲ. ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಗೆ ಚಿತ್ರ ಬರೆಯುತ್ತಿದ್ದವರು 1905ರ ನವೆಂಬರಿನಲ್ಲಿ, ಆ ಇಗರ್ಜಿಯ ಪ್ರತಿಷ್ಠಾಪನೆಗೆ ಕೆಲವೇ ದಿನಗಳಿರುವಾಗ ತೀರಿಕೊಂಡರು.

ಕದ್ರಿಯ ಕಂಚು

ಧರ್ಮಸ್ಥಳಕ್ಕೆ ಹೊರಟ ನೆಂಟರು ಕದ್ರಿಯನ್ನು ನೋಡದೆ ಹೋಗುವುದಂತೂ ಸರಿಯಲ್ಲ. ಧರ್ಮಸ್ಥಳದ ಮಂಜುನಾಥನ ಲಿಂಗವನ್ನು ಅಣ್ಣಪ್ಪ ದೈವ ತಂದದ್ದು ಕದ್ರಿಯಿಂದಲೇ ಎಂಬುದು ಕ್ಷೇತ್ರದ ಐತಿಹ್ಯ. ಎಂದರೆ ಯಾತ್ರೆಯ ಮೊದಲ ಮೆಟ್ಟಿಲು ಮಂಗಳೂರಿನೊಳಗೇ ಇದೆ.

ಕದ್ರಿ ಮಂಜುನಾಥ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ ದಕ್ಷಿಣ ಭಾರತದ ಕಂಚಿನ ಶಿಲ್ಪಗಳಲ್ಲೇ ಹೆಸರಾದದ್ದು. ಮೂರು ಮುಖ, ಆರು ಕೈ, ಕುಳಿತ ಭಂಗಿ, ಹೆಚ್ಚುಕಡಿಮೆ ಆಳೆತ್ತರ. ಪೀಠದಲ್ಲಿ ಸಂಸ್ಕೃತ ಶಾಸನವಿದೆ. ಆಳುಪ ವಂಶದ ಕುಂದವರ್ಮನೆಂಬ ಅರಸು ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಅದು ಹೇಳುತ್ತದೆ. ಕಲಿವರ್ಷ 4068, ಅಂದರೆ ಕ್ರಿ.ಶ. 968. ಕಂಚಿನ ವಿಗ್ರಹದ ಮೇಲೆಯೇ ಮಾಡಿಸಿದವನ ಹೆಸರು, ಜಾಗ, ವರ್ಷ ಮೂರೂ ಇರುವುದು ಅಪರೂಪ. ಈ ಕಾಲದ ಬೇರೆ ಕಂಚಿನ ವಿಗ್ರಹಗಳ ವಯಸ್ಸನ್ನು ಊಹಿಸಲು ವಿದ್ವಾಂಸರು ಕದ್ರಿಯದನ್ನು ಆಧಾರವಾಗಿಟ್ಟುಕೊಳ್ಳುವುದು ಇದಕ್ಕಾಗಿಯೇ.

‘ವಿಹಾರ’ ಎಂಬ ಆ ಒಂದು ಪದವೇ ಚರ್ಚೆಯ ಬೀಜ. ವಿಹಾರವೆಂದರೆ ಬೌದ್ಧರ ನೆಲೆ, ಲೋಕೇಶ್ವರನೆಂದರೆ ಅವಲೋಕಿತೇಶ್ವರ ಬೋಧಿಸತ್ವ. ಹಾಗಾಗಿ ಹತ್ತನೆಯ ಶತಮಾನದಲ್ಲಿ ಇಲ್ಲಿ ಬೌದ್ಧರು ಇದ್ದರು ಎಂದು ಮಂಜೇಶ್ವರದ ಗೋವಿಂದ ಪೈಗಳಂಥ ಸಂಶೋಧಕರು ವಾದಿಸಿದರು. ಮಂಜುನಾಥನೆಂಬ ಹೆಸರಿನ ಹಿಂದೆಯೂ ಮಂಜುಘೋಷನ ನೆರಳಿದೆ ಎಂಬುದು ಈ ವಾದದ ಮುಂದುವರಿಕೆ. ಶಾಸನದಲ್ಲಿ ಅರಸನನ್ನು ಶಿವಭಕ್ತನಾಗಿ ವರ್ಣಿಸಿದೆ, ವಿಗ್ರಹದ ಲಕ್ಷಣಗಳನ್ನು ಶೈವವೆಂದೂ ಓದಬಹುದು ಎನ್ನುವವರಿದ್ದಾರೆ. ಬೌದ್ಧ ಮತ್ತು ಶೈವ ಪಂಥಗಳು ನಾಥಪಂಥದ ಮೂಲಕ ಒಂದಕ್ಕೊಂದು ಬೆರೆತ ಘಟ್ಟವನ್ನೇ ಕದ್ರಿ ತೋರಿಸುತ್ತದೆ ಎಂಬುದು ಮೂರನೆಯ ಅಭಿಪ್ರಾಯ. ಈ ಮೂರನೆಯದೇ ಹೆಚ್ಚು ನಂಬುವಂತಿದೆ. ಏಕೆಂದರೆ ಆ ಬೆಸುಗೆಯ ಜೀವಂತ ಸಾಕ್ಷಿ ದೇವಸ್ಥಾನದ ಮೇಲಿನ ಗುಡ್ಡದಲ್ಲೇ ಇದೆ: ಜೋಗಿ ಮಠ. ನಾಸಿಕದ ಕುಂಭಮೇಳ ಮುಗಿದ ಮೇಲೆ ತ್ರ್ಯಂಬಕೇಶ್ವರದಿಂದ ನಾಥ ಸಾಧುಗಳ ಝುಂಡಿ ಕಾಲ್ನಡಿಗೆಯಲ್ಲಿ ಹೊರಟು ತಿಂಗಳುಗಟ್ಟಲೆ ನಡೆದು ಕದ್ರಿಗೆ ಬರುತ್ತದೆ. ಮಠದ ಹೊಸ ‘ರಾಜ’ನಿಗೆ ಪಟ್ಟ ಕಟ್ಟುತ್ತಾರೆ. ಅವನ ಅಧಿಕಾರ 12 ವರ್ಷ. ಹಿಂದಿನ ಝುಂಡಿ ಬಂದದ್ದು 2016ರಲ್ಲಿ.

ದೇವಸ್ಥಾನದ ಹಿಂದೆ ಮೆಟ್ಟಿಲು ಹತ್ತಿದರೆ ಗೋಮುಖದಿಂದ ಬೀಳುವ ನೀರು, ಆ ನೀರು ತುಂಬುವ ಕೆರೆಗಳು. ಸುಡುಬಿಸಿಲಿನ ಏಪ್ರಿಲಿನಲ್ಲೂ ಅಲ್ಲಿ ನೀರು ತಣ್ಣಗೆ. ನೆಂಟರಲ್ಲಿ ಮಕ್ಕಳಿದ್ದರೆ ಇತಿಹಾಸವನ್ನು ಅಷ್ಟಕ್ಕೇ ನಿಲ್ಲಿಸಿ ಈ ಮೆಟ್ಟಿಲುಗಳ ಮೇಲೆ ಕೂರುವುದು ಮೇಲು.

ಬಂದರಿನ ಬೆಳಗು

ಊರಿನ ಅತಿ ಹಳೆಯ ಭಾಗ ಬಂದರು. ಇದನ್ನು ಯಾವ ಪ್ರವಾಸಿ ಪಟ್ಟಿಯೂ ಮೇಲಿನ ಸಾಲಿನಲ್ಲಿ ಇಡುವುದಿಲ್ಲ. ಬೀದಿ ಇಕ್ಕಟ್ಟು, ಲಾರಿಗಳ ಸಾಲು, ಒಣಮೀನು ಮತ್ತು ಒಣಮೆಣಸಿನ ಘಾಟು. ಮೂಗು ಮುಚ್ಚಿಕೊಳ್ಳುವವರನ್ನು ಇಲ್ಲಿಗೆ ಕರೆತರಬಾರದು. ಉಳಿದವರನ್ನು ಬೆಳಿಗ್ಗೆಯೇ ಎಬ್ಬಿಸಿ ಮೊದಲು ಧಕ್ಕೆಗೆ ಕರೆತರಬೇಕು. ರಾತ್ರಿಯಿಡೀ ಕಡಲಲ್ಲಿದ್ದ ಬೋಟುಗಳು ಬಂದು ತಾಗಿದೊಡನೆ ಏಲಂ ಶುರು. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ. ಬುಟ್ಟಿ ಹಿಡಿದ ಮೊಗವೀರ ಹೆಂಗಸರು ತುಳುವಿನಲ್ಲಿ ಕೂಗುವುದು, ವ್ಯಾಪಾರಿಗಳು ಬ್ಯಾರಿ ಭಾಷೆಯಲ್ಲಿ ಲೆಕ್ಕ ಹೇಳುವುದು, ಅದರ ನಡುವೆ ಕೊಂಕಣಿ, ಮಲೆಯಾಳ, ಕನ್ನಡ, ಹಿಂದಿ. ಮಂಗಳೂರಿನಲ್ಲಿ ಎಷ್ಟು ಭಾಷೆಗಳಿವೆ ಎಂದು ಪುಸ್ತಕ ನೋಡಿ ಹೇಳುವ ಬದಲು ಇಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಜೂನ್, ಜುಲೈ ತಿಂಗಳಲ್ಲಿ ಬರುವವರಿಗೆ ಈ ನೋಟವಿಲ್ಲ. ಮೀನು ಮರಿ ಮಾಡುವ ಕಾಲವೆಂದು ಆಗ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ.

1342ರ ಸುಮಾರಿಗೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಊರಿಗೆ ಬಂದಿದ್ದ. ‘ಮಂಜರೂರ್’ ಎಂದು ಬರೆದುಕೊಂಡ. ಪರ್ಷಿಯಾ ಮತ್ತು ಯೆಮನ್ನಿನ ವರ್ತಕರು ಇಲ್ಲಿ ಇಳಿಯುತ್ತಾರೆ, ಮೆಣಸು ಮತ್ತು ಶುಂಠಿ ಹೇರಳ, ಸುಮಾರು 4000 ಮುಸಲ್ಮಾನರು ಇದ್ದಾರೆ ಎಂದು ಅವನ ಬರಹದಲ್ಲಿದೆ. ಬಂದರಿನ ಝೀನತ್ ಭಕ್ಷ್ ಮಸೀದಿ ಆ ನಂಟಿನ ಕುರುಹು. ಅರೇಬಿಯಾದಿಂದ ಬಂದ ಮಾಲಿಕ್ ದೀನಾರರ ಸಂಗಡಿಗರು ಏಳನೆಯ ಶತಮಾನದಲ್ಲೇ ಇದನ್ನು ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. ಮುಂದೆ ಟಿಪ್ಪು ಸುಲ್ತಾನ್ ಇದನ್ನು ಊರ್ಜಿತಗೊಳಿಸಿ ಮಗಳ ಹೆಸರಿಟ್ಟನೆನ್ನುತ್ತಾರೆ. ಒಳಗಿನ ಮರದ ಕಂಬಗಳ ಕೆತ್ತನೆ ನೋಡುವಾಗ ಗಮನಿಸಬೇಕಾದ ಒಂದು ಸಂಗತಿಯಿದೆ. ಆ ಬಳ್ಳಿ, ಹೂ, ಪಟ್ಟಿಕೆಗಳು ತುಳುನಾಡಿನ ಗುತ್ತಿನಮನೆಗಳ ಚಾವಡಿ ಕಂಬಗಳದ್ದೇ ಬಳಗ. ದೇವರು ಕಡಲಾಚೆಯಿಂದ ಬಂದರೂ ಆಚಾರಿ ಊರವನೇ.

ಬಂದರಿನಿಂದ ದೋಣಿಯಲ್ಲಿ ನದಿ ದಾಟಿದರೆ ಬೆಂಗ್ರೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಮೀನುಗಾರರ ಮನೆಗಳು, ಭಜನಾಮಂದಿರ, ಮಸೀದಿ, ಒಣಗಲು ಹಾಕಿದ ಬಲೆಗಳು. ಶಾಲೆಗೆ, ಆಸ್ಪತ್ರೆಗೆ, ಸಂತೆಗೆ ಬೆಂಗ್ರೆಯವರು ಬಹುಕಾಲದಿಂದ ದೋಣಿಯನ್ನೇ ನಂಬಿದವರು. ರಸ್ತೆಯಲ್ಲಿ ಬರುವುದಾದರೆ ಉತ್ತರಕ್ಕೆ ಹೋಗಿ ಕೂಳೂರು ಸುತ್ತಿ ಬರಬೇಕು. ಕೆಲವೇ ನಿಮಿಷಗಳ ಈ ದೋಣಿ ಪಯಣಕ್ಕೆ ಪ್ರವಾಸೋದ್ಯಮದ ಹೆಸರಿಲ್ಲ. ಮೀನಿನ ಬುಟ್ಟಿ, ಸೈಕಲ್ಲು, ಶಾಲೆಯ ಚೀಲಗಳ ನಡುವೆ ಜಾಗ ಮಾಡಿಕೊಂಡು ನಿಲ್ಲಬೇಕು. ಅಳಿವೆಬಾಗಿಲನ್ನು ಇಷ್ಟು ಹತ್ತಿರದಿಂದ ಕಾಣಿಸುವ ಬೇರೆ ಉಪಾಯವಿಲ್ಲ.

1784ರ ಎರಡು ಮುಖ

ಬೋಳೂರಿನ ಸುಲ್ತಾನ್ ಬತ್ತೇರಿ ಮಾತ್ರ ಎಲ್ಲ ಪಟ್ಟಿಗಳಲ್ಲೂ ಇದೆ. ಹೋದವರಲ್ಲಿ ಅರ್ಧದಷ್ಟು ಮಂದಿ ‘ಇಷ್ಟೇನಾ?’ ಎಂದು ಹಿಂದಿರುಗುತ್ತಾರೆ. ಕೋಟೆಯೆಂದುಕೊಂಡು ಹೋಗುವುದೇ ತಪ್ಪು. ಗುರುಪುರ ನದಿಯನ್ನು ಕಾಯಲು ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲುಬುರುಜು ಇದು. ಸುತ್ತ ತೋಪಿನ ಬಾಯಿಗಳು, ಅಡಿಯಲ್ಲಿ ಮದ್ದಿನ ಕೋಣೆ. ಶತ್ರುವಿನ ಹಡಗು ನದಿಯೊಳಗೆ ನುಗ್ಗದಂತೆ ತಡೆಯುವುದಷ್ಟೇ ಕೆಲಸ. ಆ ಕೆಲಸಕ್ಕೆ ಇದು ಧಾರಾಳ ಸಾಕು.

ಕಟ್ಟಿದ್ದು 1784ರಲ್ಲಿ ಎನ್ನುತ್ತಾರೆ. ಆ ವರ್ಷ ಈ ಊರಿಗೆ ಸಾಮಾನ್ಯದ್ದಲ್ಲ. ಹಿಂದಿನ ವರ್ಷ ಇಂಗ್ಲಿಷರು ಮಂಗಳೂರನ್ನು ಹಿಡಿದಿದ್ದರು. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಟಿಪ್ಪು ಕೋಟೆಯನ್ನು ಮರಳಿ ಪಡೆದ. 1784ರ ಮಾರ್ಚ್ 11ರಂದು ಇಲ್ಲೇ ಇಂಗ್ಲಿಷರೊಡನೆ ಆದ ಮಂಗಳೂರು ಒಪ್ಪಂದದೊಂದಿಗೆ ಎರಡನೆಯ ಮೈಸೂರು ಯುದ್ಧ ಮುಗಿಯಿತು. ಭಾರತದ ಅರಸನೊಬ್ಬ ಇಂಗ್ಲಿಷರೊಡನೆ ಸರಿಸಮನಾಗಿ ಕುಳಿತು ಮಾಡಿಕೊಂಡ ಕೊನೆಯ ಒಪ್ಪಂದಗಳಲ್ಲಿ ಇದೂ ಒಂದು ಎನ್ನುವವರುಂಟು. ಅದೇ ವರ್ಷ, ಶತ್ರುಗಳಿಗೆ ನೆರವಾದರೆಂಬ ಸಂಶಯದ ಮೇಲೆ ಕರಾವಳಿಯ ಕೆಥೋಲಿಕರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಉಳಿದವರು ಊರಿಗೆ ಮರಳಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿ 1680ರಲ್ಲಿ ಸ್ಥಾಪನೆಯಾದದ್ದು. 1784ರಲ್ಲಿ ಅದನ್ನು ಕೆಡವಿದರು. ಈಗ ಕಾಣುವುದು ಆಮೇಲೆ ಕಟ್ಟಿದ್ದು.

ಬತ್ತೇರಿ, ಮಸೀದಿ, ಇಗರ್ಜಿ ಮೂರೂ ಇರುವುದು ಕೆಲವೇ ಕಿಲೋಮೀಟರುಗಳ ಒಳಗೆ. ಒಬ್ಬನೇ ಅರಸ ಒಂದನ್ನು ಕಟ್ಟಿದ, ಒಂದನ್ನು ಊರ್ಜಿತಗೊಳಿಸಿದ, ಒಂದನ್ನು ಕೆಡವಿಸಿದ. ಟಿಪ್ಪುವಿನ ಹೆಸರೆತ್ತಿದರೆ ಜಗಳವಾಗುವ ಈ ದಿನಗಳಲ್ಲಿ, ಒಂದನ್ನು ಮಾತ್ರ ತೋರಿಸಿ ಉಳಿದೆರಡನ್ನು ಬಿಡುವುದು ಸುಲಭ. ಆದರೆ ಒಂದೇ ಬೆಳಗಿನಲ್ಲಿ ಮೂರನ್ನೂ ನೋಡಿ ಬಂದ ನೆಂಟರು ಕೇಳುವ ಪ್ರಶ್ನೆಗಳು ಬೇರೆಯಾಗಿರುತ್ತವೆ.

ಬತ್ತೇರಿಯ ಬುಡದಿಂದ ನದಿಯಾಚೆಗೆ ಕಾಣುವುದು ತಣ್ಣೀರುಬಾವಿ. ಪಣಂಬೂರಿನ ಜನಜಂಗುಳಿ ಬೇಡವೆನ್ನುವವರಿಗೆ ಈ ಕಿನಾರೆ ವಾಸಿ. ದಕ್ಷಿಣಕ್ಕೆ ಸೋಮೇಶ್ವರದ ರುದ್ರಪಾದೆ ಚಂದವೇ ಚಂದ, ಅಷ್ಟೇ ಅಪಾಯವೂ ಹೌದು. ಬಂಡೆಯ ತುದಿಗೆ ಹೋಗಿ ಜೀವ ಕಳೆದುಕೊಂಡವರು ಒಬ್ಬಿಬ್ಬರಲ್ಲ. ಕಡಲು ಕಾಣದ ಊರಿನಿಂದ ಬಂದವರಿಗೆ ಮಳೆಗಾಲದ ಕಡಲು ಆಟದ ವಸ್ತುವಲ್ಲವೆಂದು ಮನೆಯವರೇ ಗಟ್ಟಿಯಾಗಿ ಹೇಳಬೇಕು. ಉಳ್ಳಾಲದಲ್ಲಂತೂ ಅದು ಮಳೆಗಾಲದಲ್ಲಿ ಮನೆಗಳನ್ನೇ ನುಂಗಿದೆ. ತೀರದ ಉದ್ದಕ್ಕೂ ಸುರಿದ ಕಲ್ಲುಬಂಡೆಗಳು ಪ್ರವಾಸಿಗರಿಗೆ ಫೋಟೋ ತೆಗೆಯುವ ಜಾಗ, ಅಲ್ಲಿಯವರಿಗೆ ಮನೆಯ ಕೊನೆಯ ಗೋಡೆ.

ಉಳ್ಳಾಲವೆಂದಾಗ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ನೆನಪು ಬರುವುದು ಸಹಜ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಆಗಿನ ಉಳ್ಳಾಲದ ರಾಣಿಯನ್ನು ಕಾಣಲು ಬಂದಿದ್ದ. ಅರಮನೆ, ಸಿಂಹಾಸನಗಳನ್ನು ನಿರೀಕ್ಷಿಸಿದ್ದವನಿಗೆ ಆಕೆ ಎದುರಾದದ್ದು ದಾರಿಯಲ್ಲಿ. ಬರಿಗಾಲಲ್ಲಿ, ತಾನು ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು.

ಹೆಂಚು ಹೋದ ಮೇಲೆ

ಬತ್ತೇರಿಯನ್ನು ನೋಡಬಹುದು, ಮಸೀದಿಯನ್ನು ನೋಡಬಹುದು. ಮಂಗಳೂರಿನ ಹೆಸರನ್ನು ಜಗತ್ತಿಗೆಲ್ಲ ಹೊತ್ತೊಯ್ದ ವಸ್ತುವನ್ನು ಮಾತ್ರ ತೋರಿಸಲು ಇಂದು ಕಷ್ಟ. ಅದು ಹೆಂಚು.

1834ರಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಮತ ಬದಲಿಸಿದವರು ಕುಲಕಸುಬನ್ನೂ ಮನೆಯನ್ನೂ ಕಳೆದುಕೊಳ್ಳುತ್ತಿದ್ದ ಕಾಲ ಅದು. ಅವರಿಗೆ ಕೆಲಸ ಕೊಡುವ ಹೊಣೆ ಮಿಶನ್ನಿನ ಮೇಲೆ ಬಿತ್ತು. ಮೊದಲು ಅಚ್ಚುಕೂಟ, ನೇಯ್ಗೆ, ಆಮೇಲೆ ಹೆಂಚು. ಜಾರ್ಜ್ ಪ್ಲೆಬ್ಸ್ಟ್ ಎಂಬವರು ನದಿದಡದ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಅದುವರೆಗೆ ಬಡವರ ಮನೆಗೆ ಮುಳಿಹುಲ್ಲು, ಉಳ್ಳವರ ಮನೆಗೆ ಕುಂಬಾರರ ನಾಡಹೆಂಚು. ಮುಳಿಹುಲ್ಲಿಗೆ ಬೆಂಕಿಯ ಭಯ, ನಾಡಹೆಂಚಿಗೆ ಮಂಗಗಳ ಭಯ. ಹೊಸ ಹೆಂಚಿಗೆ ಅಂಚಿನಲ್ಲಿ ತೋಡು, ಏಣುಗಳಿದ್ದು ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತಿತ್ತು. ಗಾಳಿಗೆ ಜರಗದು, ಮಳೆಗೆ ಸೋರದು, ಭಾರವೂ ಕಡಿಮೆ. ಮಿಶನ್ನಿನದನ್ನು ನೋಡಿ ಊರವರೂ ಕಾರ್ಖಾನೆ ತೆರೆದರು; ಎರಡು ನದಿಗಳ ದಡದಲ್ಲೂ ಹೊಗೆಕೊಳವೆಗಳು ಎದ್ದವು. ಮಂಗಳೂರು ಹೆಂಚು ಸಿಲೋನು, ಬರ್ಮಾ, ಪೂರ್ವ ಆಫ್ರಿಕಗಳಿಗೆ ಹಡಗೇರಿತು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಆಸ್ತಿಯೆಂದು ಮಿಶನ್ನಿನ ಕಾರ್ಖಾನೆಗಳು ಸರಕಾರದ ವಶವಾಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಮುಂದೆ ತಾರಸಿ ಮನೆಗಳು ಬಂದವು. ಜೇಡಿಮಣ್ಣು ಸಿಗುವುದೂ ಸೌದೆ ಸಿಗುವುದೂ ಕಷ್ಟವಾಯಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ನದಿಬದಿಯ ಅವುಗಳ ಜಾಗಕ್ಕೆ ಬೇರೆ ಬೆಲೆ ಬಂತು. ಹೆಂಚು ಮಾಡುತ್ತಿದ್ದವರ, ಅಚ್ಚಿನಿಂದ ತೆಗೆದು ಒಣಗಿಸುತ್ತಿದ್ದ ಹೆಂಗಸರ ಕೆಲಸವೂ ಹೋಯಿತು. ಈಗ ತಮಾಷೆಯೆಂದರೆ, ಹಳೆಮನೆ ಕೆಡವಿದಾಗ ಸಿಗುವ ಹೆಂಚುಗಳನ್ನು ರೆಸಾರ್ಟಿನವರು ಆರಿಸಿಕೊಂಡು ಹೋಗುತ್ತಾರೆ. ನೆಂಟರಿಗೆ ಹೆಂಚಿನ ಮಂಗಳೂರನ್ನು ತೋರಿಸಬೇಕಾದರೆ ಜೆಪ್ಪು, ಬಲ್ಮಠ, ಬಂದರು, ರಥಬೀದಿಯ ಹಿಂದಿನ ಓಣಿಗಳಲ್ಲಿ ನಡೆಯಬೇಕು. ಎಲ್ಲಿಯಾದರೂ ಕೆಳಗೆ ಬಿದ್ದ ಹೆಂಚು ಕಂಡರೆ ಮಗುಚಿ ನೋಡಿ. ಒಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ.

ಬಲ್ಮಠಕ್ಕೆ ಹೋದರೆ ಪತ್ರಿಕೆ ಓದುವವರೆಲ್ಲ ನೆನೆಯಬೇಕಾದ ಒಂದು ಸಂಗತಿ ಇದೆ. ಇದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. 1894ರಲ್ಲಿ ಕಿಟ್ಟೆಲ್ ನಿಘಂಟು ಹೊರಬಂದದ್ದೂ ಮಿಶನ್ನಿನ ಮಂಗಳೂರಿನ ಅಚ್ಚುಕೂಟದಿಂದಲೇ. ಮನೆಮಾತು ಕನ್ನಡವಲ್ಲದವರೇ ಹೆಚ್ಚಿರುವ ಊರು ಕನ್ನಡಕ್ಕೆ ಮೊದಲ ಪತ್ರಿಕೆಯನ್ನೂ ದೊಡ್ಡ ನಿಘಂಟನ್ನೂ ಕೊಟ್ಟಿತು.

ಸಂಜೆಯ ಲೆಕ್ಕ

ಸಂಜೆಗೆ ರಥಬೀದಿ. ವೆಂಕಟರಮಣ ದೇವಸ್ಥಾನದ ಮುಂದಿನ ಈ ಬೀದಿ ಮಾಘದ ರಥಸಪ್ತಮಿಯ ‘ಕೊಡಿಯಾಲ ತೇರಿ’ಗೆ ತುಂಬಿ ತುಳುಕುತ್ತದೆ, ಉಳಿದ ದಿನಗಳಲ್ಲಿ ಹೂವಿನಂಗಡಿಗಳದ್ದೇ ಕಾರುಬಾರು. ಇಲ್ಲಿ ಮಲ್ಲಿಗೆಯನ್ನು ಮೊಳದಲ್ಲಿ ಕೇಳಿದರೆ ಅಂಗಡಿಯವರು ನೆಂಟರ ಊರು ಯಾವುದೆಂದು ಗುರುತಿಸಿಬಿಡುತ್ತಾರೆ. ಶಂಕರಪುರದ ಕಡೆಯಿಂದ ಬರುವ ಮಲ್ಲಿಗೆಗೆ ಚೆಂಡು, ಅಟ್ಟೆ ಎಂಬ ಲೆಕ್ಕ, ದಿನಕ್ಕೊಂದು ದರ. ಮದುವೆ, ಕೋಲಗಳ ಸಮಯದಲ್ಲಿ ಆ ದರ ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಅಲ್ಲಿಂದ ಕುದ್ರೋಳಿ ದೂರವಿಲ್ಲ. ದಸರೆಯ ದೀಪಾಲಂಕಾರಕ್ಕೆ ಹೆಸರಾದ ಗೋಕರ್ಣನಾಥ ದೇವಸ್ಥಾನವನ್ನು ದೀಪಕ್ಕಾಗಿ ಮಾತ್ರ ನೋಡಿ ಬರುವುದು ನಷ್ಟ. ಗುಡಿಗಳೊಳಗೆ ಪ್ರವೇಶವಿಲ್ಲದ ಬಿಲ್ಲವರು ಹೊಯ್ಗೆ ಬಜಾರ್ ಕೊರಗಪ್ಪನವರ ಮುಂದಾಳುತನದಲ್ಲಿ ಕೇರಳದಿಂದ ನಾರಾಯಣ ಗುರುಗಳನ್ನು ಕರೆತಂದು, 1912ರಲ್ಲಿ ಅವರ ಕೈಯಿಂದ ಶಿವಲಿಂಗ ಪ್ರತಿಷ್ಠೆ ಮಾಡಿಸಿಕೊಂಡರು. 2013ರಲ್ಲಿ ಇದೇ ದೇವಸ್ಥಾನ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿತು.

ಇನ್ನು ಸಮಯ ಉಳಿದರೆ ಬಿಜೈಯಲ್ಲಿ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯವಿದೆ. ಹಡಗಿನ ಆಕಾರದ ಮನೆಯನ್ನು ಕರ್ನಲ್ ಮಿರಜಕರ್ ತಾಯಿಯ ಹೆಸರಿನಲ್ಲಿ ಕೊಟ್ಟದ್ದು. ಒಳಗಿನ ವಸ್ತುಗಳಿಗಿಂತ ಕಟ್ಟಡವನ್ನೇ ಮಕ್ಕಳು ಹೆಚ್ಚು ಇಷ್ಟಪಡುತ್ತಾರೆ. ಪಿಲಿಕುಳಕ್ಕೆ ಇಡೀ ದಿನ ಬೇಕು, ಅದನ್ನು ಈ ಸುತ್ತಿಗೆ ಸೇರಿಸುವುದು ಬೇಡ. ಕಂಬಳ, ಯಕ್ಷಗಾನ, ಕೋಲಗಳಿಗೆ ಕಾಲ ಕೂಡಿಬರಬೇಕು; ನವೆಂಬರಿನಿಂದ ಏಪ್ರಿಲಿನೊಳಗೆ ಬಂದವರಿಗೆ ಯಾವುದಾದರೊಂದು ಸಿಕ್ಕೇ ಸಿಗುತ್ತದೆ. ಗೋಳಿಬಜೆಯ ಹೋಟೆಲು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಆ ವಿಷಯದಲ್ಲಿ ಪ್ರತಿ ಮಂಗಳೂರಿಗನಿಗೂ ತನ್ನದೇ ನಿಲುವಿದೆ, ಬದಲಾಯಿಸಿಕೊಳ್ಳುವವರು ಯಾರೂ ಇಲ್ಲ.

ಕೇರಳದ ಕಡೆಗೆ ರೈಲು ಹಿಡಿಯುವ ನೆಂಟರಿಗೆ ಕೊನೆಯ ನೋಟವೊಂದು ಬಿಟ್ಟಿಯಾಗಿ ಸಿಗುತ್ತದೆ. 1907ರಲ್ಲಿ ಮಂಗಳೂರಿಗೆ ರೈಲು ಬಂದದ್ದೇ ಈ ದಾರಿಯಲ್ಲಿ, ದಕ್ಷಿಣದಿಂದ. ಸೆಂಟ್ರಲ್ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೆ ಗಾಡಿ ನೇತ್ರಾವತಿಯ ಸೇತುವೆಗೆ ಬರುತ್ತದೆ. ಬಲಬದಿಯ ಕಿಟಕಿಯಲ್ಲಿ ಕುಳಿತುಕೊಳ್ಳಲು ಮೊದಲೇ ಹೇಳಿಡಬೇಕು. ಅಲ್ಲಿಂದ ನದಿ ಅಗಲವಾಗುತ್ತ ಅಳಿವೆಯ ಕಡೆಗೆ ಹೋಗುವುದು ಕಾಣುತ್ತದೆ, ದಡದಲ್ಲಿ ತೆಂಗು, ನೀರಿನಲ್ಲಿ ಮರಳಿನದೋ ಮೀನಿನದೋ ಒಂದೆರಡು ದೋಣಿ. ಸೇತುವೆ ದಾಟಲು ಒಂದೆರಡು ನಿಮಿಷ ಸಾಕು. ಆಚೆ ದಡ ಉಳ್ಳಾಲ.